ದವಡೆ ಆರು ಮಿಲಿಮೀಟರ್ ಮುಂದೆ

ಕಂಪ್ಲಿ ಕಡೆಯ ಗದ್ದೆಗಳಲ್ಲಿ ಕಾಲುವೆಯಿಂದ ನೀರೆತ್ತುವ ಡೀಸೆಲ್ ಎಂಜಿನ್ನಿಗೆ ಎರಡು ಪೈಪು ಇರುತ್ತವೆ. ನೀರೊಳಗೆ ಇಳಿಬಿಡುವ ಸಕ್ಷನ್ ಪೈಪು ಗಟ್ಟಿ. ತುಳಿದರೂ ಚಪ್ಪಟೆಯಾಗದಂತೆ ಒಳಗೆ ಸುರುಳಿ ಇಟ್ಟು ಮಾಡಿದ್ದು. ಗದ್ದೆಯ ಕಡೆಗೆ ನೀರು ಒಯ್ಯುವ ಡೆಲಿವರಿ ಪೈಪು ಮೆತ್ತನೆಯದಾದರೂ ನಡೆಯುತ್ತದೆ. ಕೆಲಸ ಮುಗಿದ ಮೇಲೆ ಸುತ್ತಿ ಬೈಕಿನ ಹಿಂದೆ ಕಟ್ಟಿಕೊಂಡು ಹೋಗಬಹುದು. ಇವೆರಡನ್ನು ಅದಲುಬದಲು ಮಾಡಿ ನೋಡಿ, ಒಂದು ಕೊಡ ನೀರೂ ಮೇಲೆ ಬರುವುದಿಲ್ಲ. ಎಳೆಯುವ ಕಡೆ ಮೆತ್ತನೆಯ ಪೈಪು ಹಾಕಿದರೆ ಅದರ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎಂಜಿನ್ ಜೋರು ಮಾಡಿದಷ್ಟೂ ಬಿಗಿಯಾಗಿ ಅಂಟುತ್ತವೆ.

ನಮ್ಮ ಉಸಿರಿನ ದಾರಿಯಲ್ಲಿ ಈ ಅದಲುಬದಲು ಹುಟ್ಟಿನಿಂದಲೇ ಆಗಿದೆ. ಮೂಗಿನ ಗೂಡಿಗೆ ಎಲುಬಿನ ಆಸರೆಯಿದೆ. ಶ್ವಾಸನಾಳಕ್ಕೆ ಮೃದ್ವಸ್ಥಿಯ ಬಳೆಗಳಿವೆ. ಕುತ್ತಿಗೆಯ ಮುಂಭಾಗವನ್ನು ಒತ್ತಿ ನೋಡಿದರೆ ಬೆರಳಿಗೆ ಸಿಗುತ್ತವೆ. ಇವೆರಡರ ನಡುವೆ, ಕಿರುನಾಲಿಗೆಯ ಹಿಂದಿನಿಂದ ಧ್ವನಿಪೆಟ್ಟಿಗೆಯವರೆಗೆ, ಬರೀ ಮಾಂಸದ ಕೊಳವೆ. ತುತ್ತು ನುಂಗಲು, ಮಾತಾಡಲು ಅದು ಹಿಗ್ಗಬೇಕು, ಕುಗ್ಗಬೇಕು, ಬಳುಕಬೇಕು. ಅಲ್ಲಿ ಎಲುಬಿಗೆ ಜಾಗವಿಲ್ಲ. ಆದರೆ ಎದೆ ಗಾಳಿ ಎಳೆದುಕೊಳ್ಳುವುದೂ ಇದೇ ಕೊಳವೆಯಿಂದ. ಎಚ್ಚರವಿದ್ದಾಗ ಇಪ್ಪತ್ತಕ್ಕೂ ಹೆಚ್ಚು ಪುಟ್ಟ ಸ್ನಾಯುಗಳು ಸುತ್ತಲಿಂದ ಜಗ್ಗಿ ಅದನ್ನು ತೆರೆದಿಡುತ್ತವೆ. ನಿದ್ದೆ ಬಂತೆಂದರೆ ಅವು ಸಡಿಲಾಗುತ್ತವೆ. ಕನಸು ಬೀಳುವ ಹಂತದಲ್ಲಿ ಇನ್ನಷ್ಟು ಸೋಲುತ್ತವೆ. ಅಂಗಾತ ಮಲಗಿದವರ ನಾಲಿಗೆಯ ಬುಡ ತನ್ನ ಭಾರಕ್ಕೇ ಹಿಂದೆ ಜಾರುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿ ರಭಸದಿಂದ ನುಗ್ಗಿ ಮೃದು ಅಂಗುಳವನ್ನು ಪಟಪಟ ಅಲುಗಿಸಿದರೆ ಅದು ಗೊರಕೆ. ದಾರಿ ಪೂರ್ತಿ ಮುಚ್ಚಿದರೆ ಸದ್ದೂ ಇಲ್ಲ, ಉಸಿರೂ ಇಲ್ಲ. ವೈದ್ಯರು ಸ್ಲೀಪ್ ಅಪ್ನಿಯಾ ಎಂದು ಕರೆಯುವುದು ಇದನ್ನೇ.

ಹೊಸಪೇಟೆಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೊರಟವರಿಗೆ ಇದರ ಪ್ರಾತ್ಯಕ್ಷಿಕೆ ಟಿಕೆಟ್ ದುಡ್ಡಿನಲ್ಲೇ ಸಿಗುತ್ತದೆ. ಬಳ್ಳಾರಿ ದಾಟುವಷ್ಟರಲ್ಲಿ ಸ್ಲೀಪರ್ ಬೋಗಿಯ ಯಾವುದೋ ಬರ್ತಿನಿಂದ ಗೊರಕೆ ಶುರುವಾಗುತ್ತದೆ. ಏರುತ್ತ ಏರುತ್ತ ಹೋಗಿ ತಟ್ಟನೆ ನಿಲ್ಲುತ್ತದೆ. ನಿದ್ದೆಗೆಟ್ಟ ಅಕ್ಕಪಕ್ಕದವರು ‘ಸದ್ಯ, ನಿಂತ್ತು’ ಎಂದು ಮಗ್ಗುಲು ಬದಲಿಸುತ್ತಾರೆ. ಹದಿನೈದು, ಇಪ್ಪತ್ತು ಸೆಕೆಂಡು ಕಳೆಯುತ್ತದೆ. ಆಮೇಲೆ ‘ಗಕ್’ ಎಂದು ಉಸಿರು ಒಳನುಗ್ಗಿ ಗೊರಕೆ ಮತ್ತೆ ಮೊದಲಿನಿಂದ. ಎಲ್ಲರೂ ನೆಮ್ಮದಿಪಟ್ಟ ಆ ಇಪ್ಪತ್ತು ಸೆಕೆಂಡಿನಲ್ಲಿ ಅವರ ಎದೆ, ಹೊಟ್ಟೆ ಗಾಳಿಗಾಗಿ ಜಗ್ಗುತ್ತಲೇ ಇರುತ್ತವೆ. ಗಾಳಿ ಮಾತ್ರ ಒಳಗೆ ಹೋಗುತ್ತಿರುವುದಿಲ್ಲ. ಬೆಂಗಳೂರಿನಲ್ಲಿ ಇಳಿಯುವಾಗ ‘ಒಳ್ಳೇ ನಿದ್ದೆ ಬಂತು’ ಎನ್ನುವವರೂ ಅವರೇ. ಮಲಗಿದವರಿಗೆ ತಮ್ಮ ಕಾಯಿಲೆ ಕಾಣಿಸುವುದಿಲ್ಲ ಎಂಬುದೇ ಇದರ ದೊಡ್ಡ ತೊಡಕು. ಹಾಗಾಗಿ ಮೊದಲ ಸುಳಿವು ಬರುವುದು ಹೆಚ್ಚಾಗಿ ಹೆಂಡತಿಯಿಂದ: “ನಡುರಾತ್ರಿ ಉಸ್ರು ನಿಂತೋದಂಗ ಆಗ್ತತ್ರಿ ಡಾಕ್ಟ್ರೇ, ನಾನೇ ಅಳ್ಳಾಡ್ಸಿ ಎಬ್ಬಸ್ತೀನಿ.” ಹೆಂಗಸರ ಗೊರಕೆಯ ಸುದ್ದಿ ಮಾತ್ರ ಮನೆಯಿಂದ ಆಚೆ ಬರುವುದು ಕಡಿಮೆ. ಮುಟ್ಟು ನಿಂತ ಮೇಲೆ ಅವರಲ್ಲೂ ಅಪ್ನಿಯಾ ಹೆಚ್ಚುತ್ತದೆ. ಆದರೆ ಗಂಡ ಹೆಂಡತಿಯ ಗೊರಕೆ ಕೇಳಿ ಡಾಕ್ಟರ ಹತ್ತಿರ ಓಡಿದ್ದನ್ನು ಯಾರೂ ಅಷ್ಟಾಗಿ ಕಂಡಿಲ್ಲ.

ಉಸಿರು ಕನಿಷ್ಠ 10 ಸೆಕೆಂಡು ನಿಂತರೆ ಅದನ್ನು ಒಂದು ಅಪ್ನಿಯಾ ಎಂದು ಎಣಿಸುತ್ತಾರೆ. ಪೂರ್ತಿ ನಿಲ್ಲದೆ ತೀರ ಕ್ಷೀಣಿಸಿ ರಕ್ತದ ಆಮ್ಲಜನಕ ಇಳಿದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಎರಡನ್ನೂ ಕೂಡಿಸಿ ಗಂಟೆಗೆ ಎಷ್ಟು ಎಂದು ನೋಡಿದರೆ ಬರುವ ಸಂಖ್ಯೆಯೇ ಈ ಕಾಯಿಲೆಯ ಅಳತೆಗೋಲು. 5ರಿಂದ 15ರ ಒಳಗಿದ್ದರೆ ಸೌಮ್ಯ, 30ರವರೆಗೆ ಮಧ್ಯಮ, ಅದರ ಮೇಲೆ ತೀವ್ರ. ಗಂಟೆಗೆ 40 ಎಂದರೆ ಏಳು ಗಂಟೆಯ ನಿದ್ದೆಯಲ್ಲಿ 280 ಸಲ ಉಸಿರಿಗೆ ತಡೆ. ಪ್ರತಿ ಸಲವೂ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಿಂದ ಅರೆ ಎಚ್ಚರವಾಗುತ್ತದೆ, ಅಡ್ರಿನಲಿನ್ ಹರಿದು ರಕ್ತದೊತ್ತಡ ಜಿಗಿಯುತ್ತದೆ. ಮೂರು ಬಗೆಯ ಮಾತ್ರೆ ನುಂಗಿದರೂ ಹಿಡಿತಕ್ಕೆ ಬಾರದ ಬಿಪಿ, ಬೆಳಗಿನ ತಲೆನೋವು, ರಾತ್ರಿ ಪದೇಪದೇ ಮೂತ್ರಕ್ಕೆ ಏಳುವುದು, ಕೆಲವರಲ್ಲಿ ಹೃದಯದ ಬಡಿತ ತಾಳ ತಪ್ಪುವುದು, ಇವೆಲ್ಲದರ ಹಿಂದೆ ಈ ಗಂಟಲೇ ಇರಬಹುದು. 2019ರಲ್ಲಿ ಬಂದ ಒಂದು ಅಂದಾಜು ಜಗತ್ತಿನಲ್ಲಿ 30ರಿಂದ 69 ವಯಸ್ಸಿನ ಸುಮಾರು 93.6 ಕೋಟಿ ಜನರಿಗೆ ಇದು ಇದೆ ಎಂದಿತು. ದೆಹಲಿಯ ಏಮ್ಸ್ ವೈದ್ಯರು 2023ರಲ್ಲಿ ಭಾರತದ ಅಧ್ಯಯನಗಳನ್ನು ಒಟ್ಟುಗೂಡಿಸಿ ಹಾಕಿದ ಲೆಕ್ಕ ಸುಮಾರು 10.4 ಕೋಟಿ. ದಪ್ಪ ಇರುವವರಿಗೆ ಮಾತ್ರ ಬರುವ ಕಾಯಿಲೆ ಎಂಬ ನಂಬಿಕೆಯನ್ನು ಬಿಡಬೇಕು. ಕೊಬ್ಬು ಕುತ್ತಿಗೆಯಲ್ಲಿ, ನಾಲಿಗೆಯಲ್ಲೂ ಸೇರಿ ದಾರಿ ಕಿರಿದು ಮಾಡುವುದು ನಿಜ. ಆದರೆ ಕೆಳದವಡೆ ಚಿಕ್ಕದಿದ್ದು ಹಿಂದೆ ಸರಿದಿದ್ದರೆ ಸಣಕಲು ಆಳಿಗೂ ಗಂಟಲು ಮುಚ್ಚುತ್ತದೆ.

ಬಳ್ಳಾರಿ, ಹೊಸಪೇಟೆಯ ಈ ಸೀಮೆಯಲ್ಲಿ ಇದು ಮಲಗುವ ಕೋಣೆಯ ಸಂಗತಿಯಾಗಿ ಉಳಿಯುವುದಿಲ್ಲ, ರಸ್ತೆಗೆ ಬರುತ್ತದೆ. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ರಾತ್ರಿಯೂ ಓಡುತ್ತವೆ: ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ, ರೈಲು ಸೈಡಿಂಗುಗಳಿಗೆ. ಗಣಿಯ ಅಬ್ಬರದ ವರ್ಷಗಳಲ್ಲಿ ಘಟ್ಟ ಇಳಿದು ಬೇಲೆಕೇರಿ ಬಂದರಿನವರೆಗೂ ಸಾಲುಗಟ್ಟಿದ್ದವು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ತಡೆದಾಗ ರಸ್ತೆ ಖಾಲಿಯಾಯಿತು. ಮಿತಿ ಹಾಕಿ ಮತ್ತೆ ಬಿಟ್ಟ ಮೇಲೆ ಲಾರಿಗಳೂ ಬಂದವು. ಕೂತೇ ಮಾಡುವ ಕೆಲಸ, ಹೊತ್ತಲ್ಲದ ಹೊತ್ತಿನ ಊಟ, ದಪ್ಪಗಾಗುವ ಕುತ್ತಿಗೆ, ಕ್ಯಾಬಿನ್ನಿನಲ್ಲಿ ಅಂಗಾತ ನಿದ್ದೆ. ಡ್ರೈವರಿಕೆಯಲ್ಲಿ ಅಪ್ನಿಯಾಕ್ಕೆ ಬೇಕಾದದ್ದೆಲ್ಲ ಇದೆ. ಚಿಕಿತ್ಸೆ ಪಡೆಯದ ಅಪ್ನಿಯಾ ಇರುವ ಚಾಲಕನಿಗೆ ಅಪಘಾತದ ಸಂಭವ ಸುಮಾರು ಎರಡರಿಂದ ಮೂರು ಪಟ್ಟು ಎಂದು ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದವರು ಹೇಳುತ್ತಾರೆ. ಯುರೋಪಿನ ಒಕ್ಕೂಟ 2014ರಲ್ಲಿ ಚಾಲನಾ ಪರವಾನಗಿಯ ನಿಯಮಕ್ಕೇ ಇದನ್ನು ಸೇರಿಸಿತು: ಮಧ್ಯಮ ಅಥವಾ ತೀವ್ರ ಅಪ್ನಿಯಾ ಇದ್ದು ಹಗಲು ತೂಕಡಿಸುವವರು ಕಾಯಿಲೆ ಹತೋಟಿಯಲ್ಲಿದೆ ಎಂದು ತೋರಿಸದೆ ವಾಹನ ಓಡಿಸುವಂತಿಲ್ಲ.

ಮುಖ್ಯ ಚಿಕಿತ್ಸೆ ಒಂದು ಗಾಳಿಯಂತ್ರ. 1981ರವರೆಗೆ ತೀವ್ರ ಅಪ್ನಿಯಾಕ್ಕೆ ಇದ್ದ ನಂಬಬಹುದಾದ ದಾರಿ ಎಂದರೆ ಕುತ್ತಿಗೆಯಲ್ಲಿ ತೂತು ಕೊರೆಯುವುದು. ಆ ವರ್ಷ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್, ಮೂಗಿಗೆ ಮುಖವಾಡ ಕಟ್ಟಿ ಹಗುರ ಒತ್ತಡದಲ್ಲಿ ಗಾಳಿ ಊದಿದರೆ ಗಂಟಲು ಮುಚ್ಚುವುದೇ ಇಲ್ಲ ಎಂದು ತೋರಿಸಿಕೊಟ್ಟರು. ಮೊದಲ ಯಂತ್ರಗಳಿಗೆ ವ್ಯಾಕ್ಯೂಮ್ ಕ್ಲೀನರಿನ ಮೋಟಾರನ್ನು ತಿರುಗುಮುರುಗು ಮಾಡಿ ಬಳಸಿದ್ದರಂತೆ. ಇದೇ ಸಿಪ್ಯಾಪ್. ಕಂಪ್ಲಿಯ ಎಂಜಿನ್ನಿಗೆ ಹೋಲಿಸಿದರೆ, ಎಳೆಯುವ ಕಡೆಯ ಮೆತ್ತನೆಯ ಪೈಪನ್ನು ಊದುವ ಕಡೆಗೆ ತಂದಂತೆ. ಗೋಡೆಗಳು ಅಂಟಲು ಎಡೆಯೇ ಇಲ್ಲ. ಅದರಷ್ಟು ಖಾತ್ರಿಯಾಗಿ ಉಸಿರಿನ ತಡೆಗಳನ್ನು ಇಳಿಸುವ ಮದ್ದು ಇನ್ನೂ ಬಂದಿಲ್ಲ.

ಆದರೆ ಹಾಕಿಕೊಂಡರೆ ಮಾತ್ರ. ಮೂವತ್ತು ನಲವತ್ತು ಸಾವಿರ ರೂಪಾಯಿಯ ಯಂತ್ರ, ಮುಖಕ್ಕೆ ಬಿಗಿಯುವ ಪಟ್ಟಿ, ಒಣಗುವ ಮೂಗು, ಪಕ್ಕದಲ್ಲಿ ಕೊಳವೆ. ರಾತ್ರಿಗೆ ನಾಲ್ಕು ಗಂಟೆ ಹಾಕಿಕೊಂಡರೂ ‘ಸರಿಯಾಗಿ ಬಳಸುತ್ತಿದ್ದಾರೆ’ ಎಂದು ಒಪ್ಪಿಕೊಳ್ಳುವ ಮಟ್ಟಕ್ಕೆ ವೈದ್ಯಲೋಕವೇ ರಾಜಿಯಾಗಿದೆ. ಇನ್ನು ಸಂಡೂರಿನ ಲಾರಿ ಕ್ಯಾಬಿನ್ನಿನಲ್ಲಿ ಅದನ್ನು ಎಲ್ಲಿಗೆ ಸಿಕ್ಕಿಸುವುದು? ಕರೆಂಟು ಹೋದಾಗ ಏನು ಮಾಡುವುದು? ಕೆಂಪು ಧೂಳಿನ ಊರಲ್ಲಿ ಫಿಲ್ಟರನ್ನು ಎಷ್ಟು ಸಲ ಬದಲಿಸುವುದು? ಯಂತ್ರ ಮಾಡಿದವರ ಕಣ್ಣಮುಂದೆ ಇದ್ದದ್ದು ಹಾಸಿಗೆಯ ಪಕ್ಕ ಪ್ಲಗ್ ಇರುವ ಮನೆ.

ಇಲ್ಲಿಗೇ ಹಲ್ಲಿನ ಡಾಕ್ಟರು ಬರುತ್ತಾರೆ. ದವಡೆಯನ್ನು ಮುಂದಿಟ್ಟು ಗಂಟಲು ತೆರೆಯುವ ಅವರ ಉಪಾಯ ಹೊಸದೇನಲ್ಲ. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಟ್ಟ ರೋಗಿಯ ನಾಲಿಗೆ ಹಿಂದೆ ಬಿದ್ದು ಉಸಿರು ಕಟ್ಟಿದರೆ ಅರಿವಳಿಕೆ ವೈದ್ಯರು ಕಿವಿಯ ಕೆಳಗೆ ದವಡೆಯ ಮೂಲೆಗೆ ಬೆರಳಿಟ್ಟು ಅದನ್ನು ಮುಂದಕ್ಕೆ ಎತ್ತಿ ಹಿಡಿಯುತ್ತಾರೆ. ಗಂಟಲು ತೆರೆದುಕೊಳ್ಳುತ್ತದೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ಸೇನೆಯ ಶಸ್ತ್ರವೈದ್ಯ ಎಸ್ಮಾರ್ಕ್ ಹೆಸರಿನಲ್ಲಿ ಆ ಹಿಡಿತ ಇಂದಿಗೂ ಪ್ರಸಿದ್ಧ. 1902ರಲ್ಲಿ ಪ್ಯಾರಿಸ್ಸಿನ ದಂತವೈದ್ಯ ಪಿಯರ್ ರೋಬಿನ್ ದವಡೆಯನ್ನು ಮುಂದಿಡುವ ಒಂದು ಸಾಧನವನ್ನು ಮಾಡಿದರು. ತೀರ ಚಿಕ್ಕ ದವಡೆಯೊಂದಿಗೆ ಹುಟ್ಟಿ, ನಾಲಿಗೆ ಹಿಂದೆ ಬಿದ್ದು ಉಸಿರಾಡಲು ಒದ್ದಾಡುವ ಕೂಸುಗಳ ಬಗ್ಗೆ ಮುಂದೆ ಅವರೇ ಬರೆದರು. ಆ ತೊಂದರೆಗೆ ಅವರದೇ ಹೆಸರಿದೆ. ಸ್ಲೀಪ್ ಅಪ್ನಿಯಾವನ್ನು ನಿದ್ದೆಯ ಪ್ರಯೋಗಾಲಯದಲ್ಲಿ ದಾಖಲಿಸಿದ್ದು 1965ರಲ್ಲಿ, ಫ್ರಾನ್ಸ್ ಮತ್ತು ಜರ್ಮನಿಯಲ್ಲಿ. ದವಡೆಗೂ ಉಸಿರಿಗೂ ಇರುವ ನಂಟು ಹಲ್ಲಿನ ವೈದ್ಯರಿಗೆ ಅದಕ್ಕಿಂತ ಎಷ್ಟೋ ಮೊದಲೇ ಗೊತ್ತಿತ್ತು, ಆದರೆ ದೊಡ್ಡವರ ಗೊರಕೆಗೆ ಅದನ್ನು ಅನ್ವಯಿಸಲು ಎಂಬತ್ತರ ದಶಕ ಬರಬೇಕಾಯಿತು.

ದವಡೆ ಮುಂದಿಟ್ಟರೆ ಗಂಟಲು ಯಾಕೆ ತೆರೆದುಕೊಳ್ಳುತ್ತದೆ? ನಾಲಿಗೆಯ ಅತಿ ದೊಡ್ಡ ಸ್ನಾಯು ಹುಟ್ಟುವುದು ಗದ್ದದ ಒಳಬದಿಯ ಎಲುಬಿನಿಂದ. ಗದ್ದ ಮುಂದೆ ಹೋದರೆ ನಾಲಿಗೆಯ ಬುಡವೂ ಅದರ ಜೊತೆ ಮುಂದೆ ಹೋಗಬೇಕು. ಇಷ್ಟೇ ಎಂದು ಬಹಳ ಕಾಲ ತಿಳಿದಿದ್ದರು. ಮಲಗಿದವರ ಗಂಟಲನ್ನು ಎಂಆರ್‌ಐಯಲ್ಲಿ ನೋಡಿದಾಗ ಬೇರೆಯೇ ಕಂಡಿತು: ದಾರಿ ಹಿಂದೆ-ಮುಂದೆ ಹಿಗ್ಗುವುದಕ್ಕಿಂತ ಹೆಚ್ಚಾಗಿ ಎಡ-ಬಲಕ್ಕೆ ಹಿಗ್ಗುತ್ತದೆ, ಅದೂ ನಾಲಿಗೆಯ ಹಿಂದಲ್ಲ, ಮೇಲೆ ಅಂಗುಳದ ಹಿಂದೆ. ನಾಲಿಗೆ, ಅಂಗುಳ, ಗಂಟಲ ಪಕ್ಕದ ಗೋಡೆ ಇವೆಲ್ಲ ದವಡೆಗೆ ಮಡಿಕೆಗಳಿಂದ ಕಟ್ಟಿಕೊಂಡಿವೆ. ದವಡೆ ಮುಂದೆ ಸರಿದಾಗ ಆ ಮಡಿಕೆಗಳೆಲ್ಲ ಬಿಗಿಯುತ್ತವೆ, ಜೋಲು ಬಿದ್ದ ಗೋಡೆ ಬಿಗಿಯಾಗಿ ನಿಲ್ಲುತ್ತದೆ. ಓದುತ್ತಿರುವವರು ಈಗಲೇ ಪರೀಕ್ಷಿಸಬಹುದು. ಬೇಕೆಂದೇ ಗೊರಕೆಯ ಸದ್ದು ಮಾಡಿ. ಆಮೇಲೆ ಕೆಳಹಲ್ಲು ಮೇಲ್ಹಲ್ಲಿಗಿಂತ ಮುಂದೆ ಬರುವಂತೆ ದವಡೆ ಚಾಚಿ ಅದೇ ಸದ್ದು ಮಾಡಲು ನೋಡಿ. ಬಹುಪಾಲು ಜನರಿಗೆ ಬರುವುದಿಲ್ಲ. (ಮನೆಯವರು ಹತ್ತಿರ ಇಲ್ಲದಾಗ ಮಾಡುವುದು ಒಳ್ಳೆಯದು.)

ದವಡೆ ಹಿಂದಿದೆಯೋ ಮುಂದಿದೆಯೋ ತಿಳಿಯಬೇಕಾದರೆ ಮುಖವನ್ನು ಪಕ್ಕದಿಂದ ನೋಡಬೇಕು. ಹಲ್ಲಿನ ಡಾಕ್ಟರು ತೆಗೆಸುವ ಎಕ್ಸ್‌ರೇಯೂ ಪಕ್ಕಮುಖದ್ದೇ. ಹಂಪಿಯ ಬಂಡೆಗಳಲ್ಲಿ ಕೊರೆದ ಆಂಜನೇಯ ಹೆಚ್ಚಾಗಿ ಪಕ್ಕಮುಖದಲ್ಲಿರುತ್ತಾನೆ, ದವಡೆ ಮುಂಚಾಚಿ. ಹೊಳೆಯಾಚೆಯ ಅಂಜನಾದ್ರಿಯಲ್ಲಿ ಹುಟ್ಟಿದನೆಂದು ಈ ಕಡೆಯವರು ನಂಬುವ ಆ ಹುಡುಗನ ದವಡೆಗೇ ಇಂದ್ರ ವಜ್ರಾಯುಧ ಎಸೆದದ್ದು. ಅವನಿಗೆ ಅಪ್ನಿಯಾ ಬರುವ ಸಂಭವ ಕಡಿಮೆಯೆಂದು ದಂತವೈದ್ಯರು ಹೇಳಿಯಾರು.

ದವಡೆಯನ್ನು ಮುಂದಿಡಲು ದಂತವೈದ್ಯರು ಕೊಡುವ ಸಾಧನ ನೋಡಲು ಸರಳ. ಮೇಲಿನ ಹಲ್ಲುಸಾಲಿಗೆ ಒಂದು ತಟ್ಟೆ, ಕೆಳಗಿನದಕ್ಕೆ ಒಂದು. ಎರಡನ್ನೂ ಪಕ್ಕದಲ್ಲಿ ಸ್ಕ್ರೂ, ಪಟ್ಟಿ ಅಥವಾ ರೆಕ್ಕೆಯಂಥ ತಡೆಯಿಂದ ಸೇರಿಸಿರುತ್ತಾರೆ. ಬಾಯಿ ಮುಚ್ಚಿದರೆ ಕೆಳದವಡೆ ತಾನಾಗಿ ಮುಂದೆ ನಿಲ್ಲುತ್ತದೆ. ಹಲ್ಲಿನ ಅಳತೆ ತೆಗೆಯುವುದು ಹಲ್ಲು ಕಟ್ಟಿಸುವಾಗ ತೆಗೆಯುವಂತೆಯೇ; ವ್ಯತ್ಯಾಸವಿರುವುದು ಮೇಲಿನ, ಕೆಳಗಿನ ಹಲ್ಲು ಕೂಡುವ ಕಚ್ಚಿನಲ್ಲಿ. ದವಡೆಯನ್ನು ಪೂರ್ತಿ ಹಿಂದಿನಿಂದ ಪೂರ್ತಿ ಮುಂದಕ್ಕೆ ಚಾಚಿಸಿದರೆ ಸಾಮಾನ್ಯವಾಗಿ 10ರಿಂದ 13 ಮಿಲಿಮೀಟರ್ ಸರಿಯುತ್ತದೆ. ಅದರ ಅರ್ಧದಷ್ಟು ಮುಂದಿಟ್ಟು, ಎಂದರೆ ಆರು ಮಿಲಿಮೀಟರಿನ ಆಸುಪಾಸಿನಲ್ಲಿ, ಸಾಧನ ಮಾಡಿಸುತ್ತಾರೆ. ಆಮೇಲೆ ಕೆಲವು ದಿನಕ್ಕೊಮ್ಮೆ ಸ್ಕ್ರೂ ತಿರುಗಿಸಿ ಕಾಲು ಮಿಲಿಮೀಟರು, ಅದಕ್ಕೂ ಕಡಿಮೆ, ಮುಂದೆ ಹಾಕುತ್ತ ಹೋಗುತ್ತಾರೆ. ದವಡೆಯ ಕೀಲು ನೋಯಬಾರದು, ಗಂಟಲು ಮುಚ್ಚಬಾರದು; ಎರಡರ ನಡುವಿನ ಆ ಜಾಗ ಪ್ರತಿಯೊಬ್ಬರಿಗೂ ಬೇರೆ. ಆನ್‌ಲೈನಿನಲ್ಲಿ ಸಾವಿರ, ಎರಡು ಸಾವಿರಕ್ಕೆ ಸಿಗುವ, ಬಿಸಿನೀರಲ್ಲಿ ಅದ್ದಿ ಕಚ್ಚಿಕೊಳ್ಳುವ ಪ್ಲಾಸ್ಟಿಕ್ ತುಂಡಿಗೂ ಇದಕ್ಕೂ ಇರುವ ಅಂತರ ಇದೇ. ಅಮೆರಿಕದ ನಿದ್ರಾವೈದ್ಯರೂ ದಂತವೈದ್ಯರೂ ಸೇರಿ 2015ರಲ್ಲಿ ಕೊಟ್ಟ ಮಾರ್ಗಸೂಚಿ, ಯಂತ್ರ ಸಹಿಸದ ಅಥವಾ ಬೇರೆ ದಾರಿ ಬಯಸುವ ವಯಸ್ಕರಿಗೆ ಬಾಯಿಯ ಸಾಧನ ಕೊಡಬಹುದು ಎಂದಿತು, ಜೊತೆಗೆ ಅದು ಅಳತೆಗೆ ಮಾಡಿದ, ಹೊಂದಿಸಬಲ್ಲ ಸಾಧನವೇ ಆಗಿರಲಿ ಎಂದೂ ಹೇಳಿತು.

ಗಂಟೆಗೆ ಆಗುವ ತಡೆಗಳ ಸಂಖ್ಯೆಯನ್ನು ಇಳಿಸುವುದರಲ್ಲಿ ಸಾಧನ ಯಂತ್ರಕ್ಕೆ ಸಮವಲ್ಲ. ಸ್ಥೂಲವಾಗಿ ಹೇಳುವುದಾದರೆ ಮೂವರಲ್ಲಿ ಒಬ್ಬರಿಗೆ ಪೂರ್ತಿ ಗುಣ, ಒಬ್ಬರಿಗೆ ಅರೆಬರೆ, ಇನ್ನೊಬ್ಬರಿಗೆ ಅಷ್ಟಕ್ಕಷ್ಟೆ. ಸೌಮ್ಯ, ಮಧ್ಯಮ ಹಂತದವರಿಗೆ, ತೆಳ್ಳಗಿರುವವರಿಗೆ, ಅಂಗಾತ ಮಲಗಿದಾಗಷ್ಟೇ ಉಸಿರು ಕಟ್ಟುವವರಿಗೆ, ದವಡೆ ಹಿಂದಿರುವವರಿಗೆ ಹೆಚ್ಚು ಒಗ್ಗುತ್ತದೆ. ಹಾಗಿದ್ದರೆ ಯಾಕೆ ಬೇಕು ಎಂದು ಕೇಳಬಹುದು. 2013ರಲ್ಲಿ ಪ್ರಕಟವಾದ ಸಿಡ್ನಿಯ ಒಂದು ಅಧ್ಯಯನದಲ್ಲಿ ನೂರಕ್ಕೂ ಹೆಚ್ಚು ರೋಗಿಗಳು ಒಂದು ತಿಂಗಳು ಯಂತ್ರ, ಒಂದು ತಿಂಗಳು ಸಾಧನ ಬಳಸಿದರು. ಉಸಿರಿನ ತಡೆ ಇಳಿಸುವುದರಲ್ಲಿ ಯಂತ್ರ ಗೆದ್ದಿತು. ಆದರೆ ರಕ್ತದೊತ್ತಡ, ಹಗಲಿನ ತೂಕಡಿಕೆ, ವಾಹನ ಚಾಲನೆಯ ಸಿಮ್ಯುಲೇಟರ್ ಪರೀಕ್ಷೆ, ಇವುಗಳಲ್ಲಿ ಯಂತ್ರ ಮೇಲುಗೈ ಸಾಧಿಸಲಿಲ್ಲ. ಯಂತ್ರವನ್ನು ಅವರು ರಾತ್ರಿಗೆ ಸರಾಸರಿ 5.2 ಗಂಟೆ ಹಾಕಿಕೊಂಡಿದ್ದರು, ಸಾಧನವನ್ನು 6.5 ಗಂಟೆ. ಗುಟ್ಟು ಅಲ್ಲಿದೆ. ಒಂದು ಕಾಲ್ಪನಿಕ ಲೆಕ್ಕ ಹಾಕೋಣ: ಗಂಟೆಗೆ 30 ತಡೆಗಳಿರುವ ಒಬ್ಬರು ಎಂಟು ಗಂಟೆ ಮಲಗುತ್ತಾರೆ. ಯಂತ್ರ ಅದನ್ನು 5ಕ್ಕೆ ಇಳಿಸುತ್ತದೆ, ಆದರೆ ಅವರು ಐದು ಗಂಟೆಗೆ ಕಿತ್ತಿಡುತ್ತಾರೆ. ರಾತ್ರಿಯ ಒಟ್ಟು ತಡೆ 115. ಸಾಧನ 12ಕ್ಕಷ್ಟೇ ಇಳಿಸುತ್ತದೆ, ಆದರೆ ಏಳು ಗಂಟೆ ಬಾಯಲ್ಲಿರುತ್ತದೆ. ಒಟ್ಟು 114.

ಸಾಧನವಾದರೆ ಲಾರಿಯವನ ಅಂಗಿ ಜೇಬಿನಲ್ಲಿ ಹಿಡಿಯುವ ಡಬ್ಬಿ, ಪ್ಲಗ್ ಬೇಡ, ಸದ್ದಿಲ್ಲ. ಡಾಬಾದ ಮುಂದೆ ನಿಲ್ಲಿಸಿದ ಕ್ಯಾಬಿನ್ನಿನಲ್ಲೂ ಹಾಕಿಕೊಳ್ಳಬಹುದು. ಹಲ್ಲಿನ ದವಾಖಾನೆಗಳು ಹೊಸಪೇಟೆಯಲ್ಲಿ ಬೇಕಾದಷ್ಟಿವೆ. ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜೇ ಇದೆ. ಕಾಗದದ ಮೇಲೆ ಈ ಸೀಮೆಗೆ ಇದಕ್ಕಿಂತ ಒಪ್ಪುವ ಚಿಕಿತ್ಸೆ ಇಲ್ಲ.

ಕಾಗದದಿಂದ ಬಾಯಿಗೆ ಬಂದಾಗ ಇನ್ನೊಂದು ಕತೆ ಎದುರಾಗುತ್ತದೆ. ರಾತ್ರಿ ಸರಿಯಾಗಿ ನಿದ್ದೆಯಾಗದ ಡ್ರೈವರು ಸ್ಟಿಯರಿಂಗ್ ಮೇಲೆ ತೂಕಡಿಕೆ ತಡೆಯಲು ಏನು ಮಾಡುತ್ತಾನೆ? ಗುಟ್ಕಾ ಹಾಕುತ್ತಾನೆ. ಅಡಿಕೆಗೂ ತಂಬಾಕಿಗೂ ಎಚ್ಚರ ಕೊಡುವ ಗುಣ ಇರುವುದು ನಿಜ, ಅರ್ಧ ಗಂಟೆಗೆ ಕೆಲಸ ಆಗುತ್ತದೆ. ಆದರೆ ಅಡಿಕೆಯ ಅರೆಕೊಲಿನ್ ಕೆನ್ನೆಯ ಒಳಪದರದಲ್ಲಿ ನಾರು ಬೆಳೆಸುತ್ತದೆ. ಮೊದಮೊದಲು ಖಾರ ತಿಂದರೆ ಉರಿ. ಆಮೇಲೆ ಕೆನ್ನೆಯ ಒಳಗೆ ಬಿಳಿಚಿದ ಗಟ್ಟಿ ಪಟ್ಟಿಗಳು. ಕೊನೆಗೆ ಬಾಯಿಯೇ ತೆರೆಯದು. ಆರೋಗ್ಯವಂತ ವಯಸ್ಕರ ಬಾಯಲ್ಲಿ ಅವರದೇ ಮೂರು ಬೆರಳು ನೆಟ್ಟಗೆ ಮೇಲೆ ಕೆಳಗೆ ಹಿಡಿಯುತ್ತವೆ. ಇವರಿಗೆ ಎರಡು, ಆಮೇಲೆ ಒಂದು. ಹಲ್ಲಿನ ಅಳತೆ ತೆಗೆಯುವ ಟ್ರೇಯನ್ನೇ ಒಳಗೆ ತೂರಿಸಲಾಗದ ಬಾಯಿಗೆ ಸಾಧನ ಮಾಡುವುದು ಹೇಗೆ? ಬಾಯಿ ತೆರೆಯುವ ರೋಗಿಯಾದರೂ ವಸಡು ಹಿಂದೆ ಸರಿದು ಹಲ್ಲು ಅಲುಗಾಡುತ್ತಿರುತ್ತವೆ. ಸಾಧನ ದವಡೆಯನ್ನು ಮುಂದೆ ಎಳೆದಿಡುವುದು ಹಲ್ಲುಗಳ ಆಸರೆಯಿಂದ; ರಾತ್ರಿಯಿಡೀ ಆ ಭಾರ ಹೊರಲು ಪ್ರತಿ ಸಾಲಿನಲ್ಲಿ ಕನಿಷ್ಠ ಆರೆಂಟು ಗಟ್ಟಿ ಹಲ್ಲು ಬೇಕು. ಹೀಗೆ ಅಪ್ನಿಯಾದ ತೂಕಡಿಕೆಗೆ ಹಾಕಿಕೊಂಡ ಗುಟ್ಕಾ, ಅಪ್ನಿಯಾದಿಂದ ಪಾರಾಗುವ ಅತಿ ಹತ್ತಿರದ ದಾರಿಯನ್ನು ಒಂದೊಂದೇ ಚೀಟಿ ಹರಿದಂತೆ ಮುಚ್ಚುತ್ತ ಬರುತ್ತದೆ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆದರೂ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ, ಎರಡನ್ನೂ ಅಂಗೈಯಲ್ಲಿ ಕೂಡಿಸುವುದನ್ನು ಯಾವ ಅಂಗಡಿಯ ಮುಂದೆ ಬೇಕಾದರೂ ನಿಂತು ನೋಡಬಹುದು. ಸಾರಿಗೆ ಕಂಪನಿಗಳಾಗಲಿ ಗಣಿ ಮಾಲೀಕರಾಗಲಿ ಚಾಲಕರಿಗೆ ಕಣ್ಣಿನ ತಪಾಸಣೆ ಮಾಡಿಸುವಾಗ ಬಾಯೊಳಗೂ ಒಮ್ಮೆ ಟಾರ್ಚ್ ಬಿಡಿಸಿದರೆ ಎರಡು ಕಾಯಿಲೆಗಳು ಒಟ್ಟಿಗೆ ಸಿಗುತ್ತವೆ ಎಂದು ನನಗನಿಸುತ್ತದೆ.

ಹಲ್ಲೇ ಇಲ್ಲದ ಅಜ್ಜ ಅಜ್ಜಿಯರಿಗೆ ದವಡೆ ಹಿಡಿಯುವ ಸಾಧನ ನಿಲ್ಲುವುದಿಲ್ಲ. ಷಿಕಾಗೋದ ನಿದ್ರಾವಿಜ್ಞಾನಿ ರೊಸಾಲಿಂಡ್ ಕಾರ್ಟ್‌ರೈಟ್ ಮತ್ತು ಚಾರ್ಲ್ಸ್ ಸ್ಯಾಮೆಲ್ಸನ್ 1982ರಲ್ಲಿ ಪ್ರಕಟಿಸಿದ ಇನ್ನೊಂದು ಬಗೆಯದು ಅವರಿಗೆ ಒಗ್ಗಬಹುದು: ತುಟಿಯ ಮುಂದೆ ಒಂದು ಮೆತ್ತನೆಯ ಗುಳ್ಳೆ, ಅದರೊಳಗೆ ನಾಲಿಗೆಯ ತುದಿ ತೂರಿಸಿದರೆ ಅದು ಹೀರಿ ಹಿಡಿದುಕೊಳ್ಳುತ್ತದೆ. ನೋಡುವವರಿಗೆ ನಗು ಬರುತ್ತದೆ, ಹಾಕಿಕೊಂಡವರಿಗೆ ಅಭ್ಯಾಸವಾಗಲು ಸಮಯ ಬೇಕು. ಮಕ್ಕಳ ಮಾತೇ ಬೇರೆ. ಅವರ ಗೊರಕೆಗೆ ಹೆಚ್ಚಾಗಿ ಊದಿದ ಟಾನ್ಸಿಲ್, ಅಡಿನಾಯ್ಡ್ ಕಾರಣ. ಅವರನ್ನು ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸಬೇಕು.

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಅನುಮಾನ ಹುಟ್ಟಬಹುದು, ಹುಟ್ಟಬೇಕು ಕೂಡ. ಬಾಯಿ ತೆರೆಸಿ ನಾಲಿಗೆ ಚಾಚಿಸಿದಾಗ ಕಿರುನಾಲಿಗೆ ಕಾಣುತ್ತದೋ ಇಲ್ಲವೋ ಎಂಬುದರ ಮೇಲೆ ಗಂಟಲ ಇಕ್ಕಟ್ಟನ್ನು ನಾಲ್ಕು ದರ್ಜೆಗಳಲ್ಲಿ ಅಳೆಯುವ ಕ್ರಮವೊಂದಿದೆ. ಜಗತ್ತಿನಾದ್ಯಂತ ಆಪರೇಷನ್ ಥಿಯೇಟರುಗಳಲ್ಲಿ ಬಳಕೆಯಲ್ಲಿರುವ ಅದಕ್ಕೆ ಬುನಾದಿ ಹಾಕಿದ್ದು ನಮ್ಮ ನೆರೆಯ ತೆಲುಗು ನಾಡಿನಿಂದ ಬಾಸ್ಟನ್‌ಗೆ ಹೋದ ಅರಿವಳಿಕೆ ವೈದ್ಯ ಶೇಷಗಿರಿ ಮಲ್ಲಂಪಾಟಿ, 1985ರಲ್ಲಿ. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಗುರುತು, ಕಿರಿದಾದ ಅಂಗುಳ, ಹಿಂದೆ ಸರಿದ ಗದ್ದ, 40 ಸೆಂಟಿಮೀಟರ್ ದಾಟಿದ ಕುತ್ತಿಗೆ, ಇವೂ ಸುಳಿವುಗಳೇ. ಆದರೆ ಅನುಮಾನ ರೋಗನಿರ್ಣಯವಲ್ಲ. ನೇರವಾಗಿ ಸಾಧನ ಮಾಡಿಕೊಡುವ ದಂತವೈದ್ಯರ ಬಳಿಯಿಂದ ಎದ್ದು ಬರುವುದೇ ಸರಿ. ಮೊದಲು ರಾತ್ರಿಯ ಪರೀಕ್ಷೆ ಆಗಬೇಕು. ಮೆದುಳಿನ ಅಲೆಗಳನ್ನೂ ದಾಖಲಿಸುವ ಪೂರ್ಣ ಪರೀಕ್ಷೆಗೆ ದೊಡ್ಡ ಆಸ್ಪತ್ರೆಯೇ ಬೇಕು. ಬೇರೆ ತೊಡಕಿಲ್ಲದ ವಯಸ್ಕರಿಗೆ ಬೆರಳಿಗೆ, ಮೂಗಿಗೆ, ಎದೆಗೆ ತಂತಿ ಕಟ್ಟಿ ಮನೆಯಲ್ಲೇ ಮಲಗಿಸಿ ನೋಡುವ ಚಿಕ್ಕ ಉಪಕರಣವೂ ಸಾಕು. ಸಂಖ್ಯೆ ತಿಳಿದ ಮೇಲೆ ವೈದ್ಯರು ಹೇಳಿದರೆ ದಂತವೈದ್ಯರ ಸರದಿ.

ಸಾಧನ ಹಾಕಿಕೊಂಡ ಮೊದಲ ವಾರಗಳಲ್ಲಿ ದಿಂಬು ಜೊಲ್ಲಿನಿಂದ ತೊಯ್ಯುತ್ತದೆ, ಬೆಳಿಗ್ಗೆ ರೊಟ್ಟಿ ಅಗಿಯುವಾಗ ದವಡೆ ನೋಯುತ್ತದೆ, ಹಲ್ಲು ಕೂಡುವುದಿಲ್ಲ ಎನಿಸುತ್ತದೆ. ಎದ್ದ ಮೇಲೆ ಹತ್ತು ಹದಿನೈದು ನಿಮಿಷ ದವಡೆಯನ್ನು ಹಿಂದೆ ತರುವ ವ್ಯಾಯಾಮ ಮಾಡಿದರೆ ಇವು ಇಳಿಯುತ್ತವೆ. ಇಳಿಯದೆ ಉಳಿಯುವುದು ಇನ್ನೊಂದು: ವರ್ಷಗಟ್ಟಲೆ ಬಳಸಿದವರ ಮೇಲಿನ ಮುಂಬಲ್ಲು ತುಸು ಹಿಂದೆ, ಕೆಳಗಿನವು ತುಸು ಮುಂದೆ ವಾಲಿ ಕಚ್ಚು ಒಂದೆರಡು ಮಿಲಿಮೀಟರ್ ಬದಲಾಗಬಹುದು. ಇದನ್ನು ಮೊದಲೇ ಹೇಳದ ಡಾಕ್ಟರು ಅರ್ಧ ಸತ್ಯವನ್ನಷ್ಟೇ ಹೇಳಿದ್ದಾರೆ. ತೊಳೆಯಲು ತಣ್ಣೀರೇ ಆಗಬೇಕು. ಏಪ್ರಿಲ್‌ನ ಬಳ್ಳಾರಿ ಬಿಸಿಲಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗಿ ಹತ್ತಾರು ಸಾವಿರ ರೂಪಾಯಿ ನೀರಿಗೆ ಹೋಯಿತೆಂದೇ ಲೆಕ್ಕ.

ಕೊನೆಯ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಗೊರಕೆ ನಿಂತಿತು, ಮನೆಯವರಿಗೆ ನಿದ್ದೆ ಬಂತು, ಇನ್ನೇನು ಎಂದು ಸುಮ್ಮನಾಗುತ್ತಾರೆ. ಆದರೆ ಸದ್ದು ಅಡಗಿದ ಮೇಲೂ ಉಸಿರಿನ ತಡೆಗಳು ಉಳಿದಿರಬಹುದು. ಆದ್ದರಿಂದ ಸ್ಕ್ರೂ ತಿರುಗಿಸುವುದು ಮುಗಿದ ಬಳಿಕ, ಸಾಧನವನ್ನು ಬಾಯಲ್ಲಿಟ್ಟುಕೊಂಡೇ ಇನ್ನೊಂದು ರಾತ್ರಿಯ ಪರೀಕ್ಷೆ ಮಾಡಿಸಬೇಕು. ಗಂಟೆಗೆ 28 ಇದ್ದದ್ದು 5ರ ಕೆಳಗೆ ಇಳಿದು ಹಗಲಿನ ತೂಕಡಿಕೆಯೂ ಹೋಗಿದ್ದರೆ ಆರು ತಿಂಗಳು, ವರ್ಷಕ್ಕೊಮ್ಮೆ ದಂತವೈದ್ಯರಿಗೆ ಮುಖ ತೋರಿಸಿದರೆ ಆಯಿತು. 20ರಲ್ಲೇ ನಿಂತಿದ್ದರೆ ದವಡೆ ಇನ್ನೊಂದೆರಡು ಮಿಲಿಮೀಟರ್ ಮುಂದೆ ಹೋಗಬಲ್ಲದೇ ಎಂದು ನೋಡಬೇಕು, ಇಲ್ಲವಾದರೆ ಯಂತ್ರಕ್ಕೇ ಮರಳಬೇಕು. ಅದು ಇತ್ಯರ್ಥವಾಗುವ ತನಕ ರಾತ್ರಿ ಪಾಳಿಯ ಲಾರಿಯನ್ನು ಬೇರೆ ಡ್ರೈವರು ಓಡಿಸಲಿ.